ಬೀದಿ ಪರದೆ ಮೇಲೇಳಲೇ ಇಲ್ಲ

('ಸ್ಟ್ರೀಟ್ ಸೀನ್' ಅನ್ನುವ ಹಳೆಯ ಅಮೆರಿಕನ್ ಸಿನಿಮಾದ ಪ್ರದರ್ಶನದ ನಂತರ ಆಡಿದ ಮಾತುಗಳ ಬರಹ ರೂಪ. ಆಡುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಂಪನಿ ನಾಟಕ ನೋಡಿದವರು ಇಲ್ಲಿ ಕೆಲವರಾದರೂ ಇದ್ದೀರಿ ಅಂತ ಕಾಣುತ್ತದೆ. ನಿಮಗೆ ಬೀದಿ ಪರದೆ ನೆನಪಿರಬೇಕು. ಅರಮನೆ ಪರದೆ, ಕಾಡಿನ ಪರದೆ ಇದ್ದ ಹಾಗೆ ಒಂದು ಬೀದಿ ಪರದೆ. ಎರಡೂ ಕಡೆ ಮನೆಗಳ ಸಾಲು, ನಡುವೆ ದೂರಕ್ಕೆ ಹೋಗಿ ಸಣ್ಣಗಾಗುವ ರಸ್ತೆ. ಅದು ರಂಗದ ತೀರಾ ಮುಂದಕ್ಕೇ ಇಳಿಯುತ್ತಿತ್ತು. ಅದರ ಮುಂದಿನ ಗೇಣಗಲದ ಜಾಗದಲ್ಲಿ ಹಾಸ್ಯದ ಜೋಡಿ ಬಂದು ಜಗಳವಾಡಿ ನಗಿಸುತ್ತಿತ್ತು. ಹಿಂದುಗಡೆ ಟಕಟಕ ಸದ್ದು. ಸಿಂಹಾಸನ ಎಳೆದು ತರುವುದು, ಕಂಬ ನಿಲ್ಲಿಸುವುದು. ಎಲ್ಲ ಸಜ್ಜಾದ ಮೇಲೆ ಸೀಟಿ. ಬೀದಿ ಮೇಲೇಳುತ್ತಿತ್ತು, ದರ್ಬಾರು ಕಾಣುತ್ತಿತ್ತು. ನಿಜವಾದ ಕಥೆ ಅಲ್ಲಿ, ಹಿಂದೆ. ಬೀದಿ ಅಂದರೆ ಸುಮ್ನೆ ಕಾಲ ತಳ್ಳುವ ಜಾಗ.

ಈಗ ನಾವು ನೋಡಿದ ಸಿನಿಮಾದಲ್ಲಿ ಈ ಬೀದಿ ಪರದೆ ಮೇಲೇಳುವುದೇ ಇಲ್ಲ. ಎಂಬತ್ತು ನಿಮಿಷ ನಾವು ಒಂದು ಮನೆಯ ಮುಂದೆ ನಿಂತಿದ್ದೆವು. ಒಳಗೆ ಒಂದು ಮಗು ಹುಟ್ಟಿತು. ಒಳಗೆ ಎರಡು ಕೊಲೆಯಾಯಿತು. ನಾವು ಬಾಗಿಲು ದಾಟಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಬಹುತೇಕ ಇದೊಂದೇ ವಿಷಯ. ಹಾಗಾಗಿ ಗಡಿಯಾರ ನೋಡಬೇಡಿ, ಬೇಗ ಬಿಡುತ್ತೇನೆ.

ಮೊದಲು ಈ ಸಿನಿಮಾ ಎಲ್ಲಿಂದ ಬಂತು ಅನ್ನುವುದನ್ನು ಹೇಳಿ ಮುಗಿಸುತ್ತೇನೆ. 'ಸ್ಟ್ರೀಟ್ ಸೀನ್' ಮೊದಲು ನಾಟಕ. ಬರೆದವರು ಎಲ್ಮರ್ ರೈಸ್. 1892ರಲ್ಲಿ ನ್ಯೂಯಾರ್ಕಿನಲ್ಲೇ ಹುಟ್ಟಿದ ಯಹೂದಿ. ಹುಟ್ಟು ಹೆಸರು ಎಲ್ಮರ್ ರೈಜೆನ್‌ಸ್ಟೈನ್. ಓದಿದ್ದು ಕಾನೂನು, ಹಿಡಿದದ್ದು ನಾಟಕ. ಈ ನಾಟಕ ಬರೆದುಕೊಂಡು ನಿರ್ಮಾಪಕರ ಬಾಗಿಲು ಬಾಗಿಲು ತಿರುಗಿದರು. ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. ನೀವೇ ಯೋಚಿಸಿ, ಐವತ್ತರ ಹತ್ತಿರ ಪಾತ್ರಗಳು, ಒಂದೇ ಸೆಟ್ಟು, ಮೆಟ್ಟಿಲ ಮೇಲೆ ಕೂತು ಸೆಕೆ ಸೆಕೆ ಅಂತ ಮಾತಾಡುವ ಜನ. ಇದಕ್ಕೆ ಯಾರು ದುಡ್ಡು ಹಾಕುತ್ತಾರೆ? ಕೊನೆಗೆ ವಿಲಿಯಂ ಬ್ರೇಡಿ ಅನ್ನುವ ನಿರ್ಮಾಪಕರು ಒಪ್ಪಿದರು. ನಿರ್ದೇಶನವನ್ನು ರೈಸ್ ತಾವೇ ಮಾಡಬೇಕಾಯಿತು. 1929ರ ಜನವರಿಯಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳಿರುವ ಬ್ರಾಡ್‌ವೇಯಲ್ಲಿ ಶುರುವಾದ ನಾಟಕ 601 ಪ್ರದರ್ಶನ ಕಂಡಿತು. ಅದೇ ವರ್ಷ ಪುಲಿಟ್ಜರ್ ಬಹುಮಾನವೂ ಬಂತು. ಬೇಡ ಅಂದವರ ಮುಖ ಆಗ ಹೇಗಿತ್ತೋ.

ಸಿನಿಮಾ ಹಕ್ಕು ಕೊಂಡವರು ಹಾಲಿವುಡ್ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್. ಅವರೂ ವಲಸೆ ಬಂದವರೇ, ಪೋಲೆಂಡಿನಿಂದ. ನಿರ್ದೇಶಕ ಕಿಂಗ್ ವಿಡರ್. ಚಿತ್ರಕಥೆಯನ್ನು ರೈಸ್ ಅವರೇ ಬರೆದರು. 1931ರಲ್ಲಿ ಸಿನಿಮಾ ತೆರೆಗೆ ಬಂತು. ಇಷ್ಟು ಸಾಕು.

ಈಗ ಆ ಮೆಟ್ಟಿಲಿಗೆ ಬರೋಣ. ನ್ಯೂಯಾರ್ಕಿನವರು ಅದನ್ನು 'ಸ್ಟೂಪ್' ಅನ್ನುತ್ತಾರೆ. ಆ ಊರನ್ನು ಮೊದಲು ಕಟ್ಟಿಕೊಂಡಿದ್ದ ಡಚ್ಚರ ಭಾಷೆಯಿಂದ ಉಳಿದ ಮಾತು. ಮನೆ ಮುಂದೆ ಬೀದಿಗೆ ಇಳಿಯುವ ನಾಲ್ಕಾರು ಕಲ್ಲು ಮೆಟ್ಟಿಲು. ಕನ್ನಡದಲ್ಲಿ ಏನನ್ನಬೇಕು ಅಂತ ಬಹಳ ಯೋಚಿಸಿದೆ. ಮೆಟ್ಟಿಲು ಅಂದರೆ ಸಾಲದು, ಅದು ಹತ್ತಿ ಹೋಗುವ ವಸ್ತು. ಇವರು ಅಲ್ಲಿ ಹತ್ತುವುದಕ್ಕಿಂತ ಕೂರುವುದೇ ಜಾಸ್ತಿ. ಕೊನೆಗೆ ಹೊಳೆದದ್ದು ಜಗಲಿ. ಪೂರ್ತಿ ಒಪ್ಪುವುದಿಲ್ಲ, ಗೊತ್ತು. ನಮ್ಮ ಜಗಲಿ ಒಂದು ಮನೆಯದ್ದು, ಈ ಜಗಲಿ ಹತ್ತಾರು ಸಂಸಾರಗಳದ್ದು. ಆದರೂ ಕೆಲಸ ಒಂದೇ. ಅಲ್ಲಿ ಕೂತವರು ಮನೆಯೊಳಗೂ ಇಲ್ಲ, ಬೀದಿಯಲ್ಲೂ ಇಲ್ಲ. ಹೋಗುವವರನ್ನು ನೋಡಬಹುದು, ಬರುವವರನ್ನು ಅಳೆಯಬಹುದು.

ಅದೂ ಬೇಸಿಗೆಯಲ್ಲಿ. ಆಗಿನ ನ್ಯೂಯಾರ್ಕಿನ ಬಡವರ ಮನೆಗಳಲ್ಲಿ ಬೇಸಿಗೆ ಅಂದರೆ ಶಿಕ್ಷೆ. ಮನೆಗೆ ಎಸಿ ಅನ್ನುವುದು ಇನ್ನೂ ಬಂದಿರಲಿಲ್ಲ. ಹಗಲೆಲ್ಲ ಕಾದ ಇಟ್ಟಿಗೆ ಗೋಡೆ ರಾತ್ರಿಯೆಲ್ಲ ಕಾವು ಬಿಡುತ್ತಿತ್ತು. ಜನ ತಾರಸಿಯ ಮೇಲೆ, ಬೆಂಕಿ ಬಿದ್ದರೆ ಇಳಿಯಲು ಇಟ್ಟ ಕಬ್ಬಿಣದ ಏಣಿಗಳ ಮೇಲೆ ದಿಂಬು ಹಾಕಿಕೊಂಡು ಮಲಗುತ್ತಿದ್ದರು. ಒಳಗೆ ಇರಲಾಗದೆ ಹೊರಗೆ ಬಂದವರ ಕಥೆ ಇದು. ಸೆಕೆ ಇಲ್ಲದಿದ್ದರೆ ಈ ನಾಟಕವೇ ಇಲ್ಲ. ಚಳಿಗಾಲವಾಗಿದ್ದರೆ ಎಲ್ಲರೂ ಬಾಗಿಲು ಹಾಕಿಕೊಂಡು ಬೆಚ್ಚಗೆ ಕೂತಿರುತ್ತಿದ್ದರು, ಯಾರ ಮನೆಗೆ ಯಾರು ಬಂದರು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ಕೊಲೆಯಾಗುವ ಆನಾ ಮೊರಾಂಟ್ ಬದುಕಿ ಉಳಿಯುತ್ತಿದ್ದಳೋ ಏನೋ.

ಜಗಲಿಯ ಯಜಮಾನಿ ಎಮ್ಮಾ ಜೋನ್ಸ್. ನಾಯಿ ಹಿಡಿದುಕೊಂಡು ಬರುತ್ತಾಳೆ, ನಿಲ್ಲುತ್ತಾಳೆ, ಸೆಕೆಗೆ ಶಾಪ ಹಾಕುತ್ತಾಳೆ. ಆಮೇಲೆ ದನಿ ಇಳಿಸುತ್ತಾಳೆ. ಆ ದನಿ ಇಳಿಯುವುದನ್ನು ಗಮನಿಸಿದಿರಾ? ಅಲ್ಲಿಂದಲೇ ಕಥೆ ಶುರು. ಈ ಪಾತ್ರ ಮಾಡಿದ ಬ್ಯೂಲಾ ಬಾಂಡಿ ನಾಟಕದಲ್ಲೂ ಇದೇ ಪಾತ್ರ ಮಾಡಿದ್ದರು. ಸಿನಿಮಾಕ್ಕೆ ಇದೇ ಅವರ ಮೊದಲ ಪ್ರವೇಶ. ಆಗ ಅವರಿಗೆ ನಲವತ್ತು ದಾಟಿತ್ತು. ನೂರಾರು ರಾತ್ರಿ ಆಡಿ ಆಡಿ ಮೈಗೆ ಹತ್ತಿದ ಪಾತ್ರ. ಒಂದು ಮಾತು ಆಡಿ, ಎದುರಿನವರು ಅದಕ್ಕೆ ಏನನ್ನುತ್ತಾರೆ ಅಂತ ಕಣ್ಣಂಚಿನಲ್ಲಿ ಕಾಯುವ ಆ ಕ್ಷಣ ಇದೆಯಲ್ಲ, ಅದನ್ನು ಯಾವ ನಿರ್ದೇಶಕನೂ ಹೇಳಿಕೊಡಲಾರ.

ಮಾತು ಆನಾ ಮೊರಾಂಟ್ ಬಗ್ಗೆ. ಮೇಲಿನ ಮನೆಯವಳು. ಗಂಡ ಫ್ರಾಂಕ್ ರಂಗಮಂದಿರದಲ್ಲಿ ಸೀನು ಜೋಡಿಸುವ ಕೆಲಸದವ. ನನ್ನ ಬೀದಿ ಪರದೆಯ ಹಿಂದೆ ಟಕಟಕ ಸದ್ದು ಮಾಡುತ್ತಿದ್ದರಲ್ಲ, ಅಂಥವನು. ಮಗಳು ರೋಸ್, ಮಗ ವಿಲ್ಲಿ. ಆನಾಗೆ ಹಾಲಿನ ಕಂಪನಿಯ ಸ್ಟೀವ್ ಸ್ಯಾಂಕಿ ಜೊತೆ ಸಂಬಂಧ. ಅವನು ಮನೆ ಮನೆಗೆ ಹೋಗಿ ಹಾಲಿನ ಬಾಕಿ ವಸೂಲಿ ಮಾಡುವವನು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಹಾಲಿನ ಬಾಕಿ ಅನ್ನುವುದನ್ನು ರೈಸ್ ಸುಮ್ಮನೆ ಆರಿಸಿಲ್ಲ. ಬೇರೆ ಯಾವ ಗಂಡಸು ಹಗಲು ಹೊತ್ತಿನಲ್ಲಿ ಕಾರಣ ಹೇಳದೆ ಮೆಟ್ಟಿಲು ಹತ್ತಬಹುದು? ಎಲ್ಲರ ಮನೆಗೂ ಬರುವವನು, ಹಾಗಾಗಿ ಯಾವ ಮನೆಗೂ ಸಲ್ಲದವನು. ಅವನು ಬೀದಿ ತಿರುವಿನಲ್ಲಿ ಕಾಣಿಸಿದಾಗ ಜಗಲಿಯಲ್ಲಿ ಮಾತು ನಿಲ್ಲುತ್ತದೆ. ಅವನು ಹೋದ ಮೇಲೆ ಎರಡರಷ್ಟಾಗುತ್ತದೆ. ಅವನು ಅತ್ತ ಹೋಗುತ್ತಾನೆ, ಸ್ವಲ್ಪ ಹೊತ್ತಿಗೆ ಆನಾ ಮಗನನ್ನು ಹುಡುಕುವ ನೆಪದಲ್ಲಿ ಅತ್ತಲೇ ಹೋಗುತ್ತಾಳೆ. ಯಾರೂ ಏನೂ ಹೇಳುವುದಿಲ್ಲ. ನಾವೂ ಹೇಳಲಿಲ್ಲ. ಆದರೆ ನಾವೂ ನೋಡಿದೆವು, ಅಲ್ವಾ? ಇಲ್ಲೇ ಹಿಂದಿನ ಸಾಲಿನಿಂದ ಯಾರೋ 'ಹೂಂ' ಅಂದಿದ್ದು ನನಗೆ ಕೇಳಿಸಿತು.

ವಿಡರ್ ಮಾಡಿದ ಕೆಲಸವೇ ಅದು. ಕ್ಯಾಮೆರಾವನ್ನು ಒಳಗೆ ಬಿಡಲಿಲ್ಲ. ಒಳಗೆ ಬಿಟ್ಟಿದ್ದರೆ ಆನಾ ಮತ್ತು ಸ್ಯಾಂಕಿ ಏನು ಮಾತಾಡಿದರು, ಅದು ಪ್ರೀತಿಯೋ ಬರೀ ಚಪಲವೋ, ಅಡುಗೆಮನೆಯಲ್ಲಿ ಗಂಡ ಹೆಂಡಿರ ನಡುವೆ ಎಂಥ ಮೌನ ಇತ್ತು, ಎಲ್ಲ ತಿಳಿಯುತ್ತಿತ್ತು. ತೀರ್ಪು ಕೊಡಲು ಬೇಕಾದ ಸಾಮಗ್ರಿ ಸಿಗುತ್ತಿತ್ತು. ಈಗ ನಮಗೆ ಗೊತ್ತಿರುವುದು ಎಮ್ಮಾ ಜೋನ್ಸ್‌ಗೆ ಎಷ್ಟು ಗೊತ್ತೋ ಅಷ್ಟೇ. ಕಿಟಕಿಯಲ್ಲಿ ಕಂಡ ಮುಖ, ಮೆಟ್ಟಿಲಲ್ಲಿ ಕೇಳಿದ ಮಾತು, ಕೆಳಗೆಳೆದ ಪರದೆ. ಅಷ್ಟರ ಮೇಲೆಯೇ ನಾವು ತೀರ್ಮಾನಕ್ಕೆ ಬಂದಿರುತ್ತೇವೆ.

ಆದರೆ ಒಂದೇ ಕಡೆ ನಿಂತ ಕ್ಯಾಮೆರಾ ಅಂದುಕೊಳ್ಳಬೇಡಿ. ಮಾತಿನ ಸಿನಿಮಾ ಬಂದ ಹೊಸತು. ಮೈಕಿಗೆ ಹೆದರಿ ಎಲ್ಲರೂ ಗಿಡ ನೆಟ್ಟ ಹಾಗೆ ನಿಂತು ಮಾತಾಡುತ್ತಿದ್ದ ಕಾಲ. ನಾಟಕವನ್ನು ಹಾಗೇ ಚಿತ್ರಿಸಿದರೆ ಸತ್ತೇಹೋಗುತ್ತದೆ ಅನ್ನುವುದು ವಿಡರ್‌ಗೆ ಗೊತ್ತಿತ್ತು. ಮೂಕಿ ಕಾಲದಲ್ಲೇ ದೊಡ್ಡ ಹೆಸರು ಮಾಡಿದವರು, 1928ರಲ್ಲಿ ನಗರದ ಗುಂಪಿನಲ್ಲಿ ಕಳೆದುಹೋಗುವ ಒಬ್ಬ ಗುಮಾಸ್ತನ ಕಥೆ ಮಾಡಿದ್ದರು. ಇಲ್ಲಿ ಅವರು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡರು: ಒಮ್ಮೆ ತೋರಿಸಿದ ಕೋನದಿಂದ ಮತ್ತೆ ತೋರಿಸಬಾರದು. ಅದೇ ಮೆಟ್ಟಿಲು, ಅದೇ ಕಿಟಕಿಗಳು. ಒಮ್ಮೆ ಮೇಲಿನ ಕಿಟಕಿಯಿಂದ ಕೆಳಗಿನ ತಲೆಗಳು. ಒಮ್ಮೆ ಪಾದಚಾರಿ ದಾರಿಯಿಂದ ಮೇಲೆ ನೋಡುವ ನೋಟ. ಒಮ್ಮೆ ಮಾತಾಡುವವಳ ಭುಜದ ಹಿಂದಿನಿಂದ. ಒಂದೇ ಮನೆ, ಎಂಬತ್ತು ನಿಮಿಷ. ನಿಮಗೆ ಬೇಜಾರಾಗಲಿಲ್ಲ ಅಂದರೆ ಕಾರಣ ಅದು. ಛಾಯಾಗ್ರಾಹಕ ಜಾರ್ಜ್ ಬಾರ್ನ್ಸ್.

ಇನ್ನು ಆ ಮನೆಯ ಜನ. ಲಿಪ್ಪೊ ಫಿಯೊರೆಂಟಿನೊ ಇಟಲಿಯವನು, ಸಂಗೀತದ ಮೇಷ್ಟ್ರು. ಅವನ ಹೆಂಡತಿ ಗ್ರೇಟಾ ಜರ್ಮನಿಯವಳು. ಮನೆ ನೋಡಿಕೊಳ್ಳುವ ಓಲ್ಸನ್ ಸ್ವೀಡನ್ ಕಡೆಯವನು, ಹೆಂಡತಿ ಜೊತೆ ನೆಲಮಾಳಿಗೆಯಲ್ಲಿ ವಾಸ. ಕೆಳಗಿನ ಕಿಟಕಿಯಲ್ಲಿ ಪತ್ರಿಕೆ ಹಿಡಿದು ಕೂತ ಮುದುಕ ಏಬ್ ಕಪ್ಲನ್ ರಷ್ಯಾದಿಂದ ಬಂದ ಯಹೂದಿ, ಕ್ರಾಂತಿಯ ಮಾತಾಡುವವನು. ಅವನ ಮಗಳು ಶರ್ಲಿ ಸ್ಕೂಲ್ ಟೀಚರು. ಮಗ ಸ್ಯಾಮ್ ಕಾನೂನು ಓದುತ್ತಿದ್ದಾನೆ, ರೋಸ್ ಮೇಲೆ ಜೀವ. ಸ್ಯಾಮ್‌ನಲ್ಲಿ ಸ್ವಲ್ಪ ಎಲ್ಮರ್ ರೈಸ್ ಇದ್ದಾರೆ ಅಂತ ನನಗನ್ನಿಸುತ್ತದೆ. ಇವರ ಜೊತೆ ಐರಿಶ್ ಮೂಲದವರು, ತಾವೇ ಅಸಲಿ ಅಮೆರಿಕದವರು ಅಂದುಕೊಂಡವರು.

ಇವರೆಲ್ಲ ಸೇರಿದಾಗ ಏನಾಗುತ್ತದೆ ಅನ್ನುವುದಕ್ಕೆ ರೈಸ್ ಬರೆದ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ. ನನಗೆ ಇಡೀ ನಾಟಕದಲ್ಲಿ ಬಹಳ ಇಷ್ಟವಾದ ಜಾಗ ಅದು. ಲಿಪ್ಪೊ ಹೊರಗಿನಿಂದ ಬರುತ್ತಾನೆ. ಕೈತುಂಬ ಕೋನ್ ಐಸ್‌ಕ್ರೀಮು. ಕರಗಿ ಸೋರುತ್ತಿವೆ. ಎಲ್ಲರಿಗೂ ಒಂದೊಂದು ಹಂಚುತ್ತಾನೆ. ಆ ಸೆಕೆಯಲ್ಲಿ ಅದಕ್ಕಿಂತ ದೊಡ್ಡ ದಾನ ಇಲ್ಲ. ಎಲ್ಲರೂ ನೆಕ್ಕುತ್ತಾ ಖುಷಿಯಾಗಿದ್ದಾರೆ. ಹೀಗೇ ಮಾತು ಅಮೆರಿಕದ ಕಡೆ ತಿರುಗುತ್ತದೆ. ಕೊಲಂಬಸ್ ಬರದಿದ್ದರೆ ಅಮೆರಿಕವೇ ಇರುತ್ತಿರಲಿಲ್ಲ, ಅವನು ನಮ್ಮವನು, ಇಟಲಿಯವನು ಅಂತ ಲಿಪ್ಪೊ ಎದೆ ಉಬ್ಬಿಸುತ್ತಾನೆ. ಓಲ್ಸನ್ ಸುಮ್ಮನಿರಬೇಕಲ್ಲ? ಕೊಲಂಬಸ್‌ಗಿಂತ ನೂರಾರು ವರ್ಷ ಮುಂಚೆಯೇ ನಮ್ಮ ಕಡೆಯ ಲೀಫ್ ಎರಿಕ್ಸನ್ ಬಂದಿದ್ದ ಅನ್ನುತ್ತಾನೆ. ಲಿಪ್ಪೊ ಆ ಹೆಸರನ್ನೇ ಕೇಳಿಲ್ಲ. ಯಾರು? ಏನು ಹೆಸರು? ಸ್ಪೆಲ್ಲಿಂಗ್ ಏನು? ಕೈಯಲ್ಲಿನ ಐಸ್‌ಕ್ರೀಮ್ ಕರಗುತ್ತಿದೆ, ಅಮೆರಿಕ ಯಾರದು ಅನ್ನುವ ಜಗಳ ಬಿಸಿಯಾಗುತ್ತಿದೆ.

ಇದರಲ್ಲಿ ಓಲ್ಸನ್ ಮಾಡಿದ ಜಾನ್ ಕ್ವಾಲೆನ್ ಬಗ್ಗೆ ಒಂದು ಮಾತು. ಅವರೂ ನಾಟಕದಿಂದಲೇ ಸಿನಿಮಾಕ್ಕೆ ಬಂದವರು. ನಾರ್ವೆಯಿಂದ ವಲಸೆ ಬಂದ ಸಂಸಾರದ ಮಗ. ಮುಂದೆ ಇಡೀ ಜೀವನ ಹಾಲಿವುಡ್ ಅವರ ಕೈಲಿ ಆ ಕಡೆಯ ವಲಸೆಗಾರರ ಪಾತ್ರಗಳನ್ನೇ ಮತ್ತೆ ಮತ್ತೆ ಮಾಡಿಸಿತು.

ಈ ಕೊಲಂಬಸ್ ಜಗಳ ನಗು ತರಿಸುತ್ತದೆ, ಆದರೆ ಅದರ ಕಾಲ ನೆನಪಿಟ್ಟುಕೊಳ್ಳಿ. ನಾಟಕ ಬರುವ ಐದು ವರ್ಷ ಮೊದಲು, 1924ರಲ್ಲಿ, ಅಮೆರಿಕ ಹೊಸ ವಲಸೆ ಕಾನೂನು ತಂದಿತ್ತು. ಯಾವ ದೇಶದಿಂದ ಎಷ್ಟು ಜನ ಬರಬಹುದು ಅನ್ನುವುದನ್ನು 1890ರ ಜನಗಣತಿಯ ಲೆಕ್ಕ ಹಿಡಿದು ಕತ್ತರಿಸಿತು. ಯಾಕೆ ಅಷ್ಟು ಹಳೆಯ ಲೆಕ್ಕ? ಇಟಲಿಯವರು, ಪೂರ್ವ ಯುರೋಪಿನ ಯಹೂದಿಗಳು ಬಹುಪಾಲು ಬಂದದ್ದು ಅದರ ಮೇಲೆ. ಅಂದರೆ ಲಿಪ್ಪೊ ಮತ್ತು ಕಪ್ಲನ್ ಅಂಥವರಿಗೆ ಬಾಗಿಲು ಮುಚ್ಚಬೇಕಿತ್ತು, ಅದಕ್ಕೆ ಲೆಕ್ಕ ಹುಡುಕಿದರು. ಏಷ್ಯಾದವರಿಗೆ ಬಾಗಿಲು ಸರಿಸುಮಾರು ಪೂರ್ತಿ ಬಂದ್. ಅದಕ್ಕೂ ಹಿಂದಿನ ವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅನ್ನುವವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತದವರು ಬಿಳಿಯರಲ್ಲ, ಹಾಗಾಗಿ ಅವರಿಗೆ ಪೌರತ್ವ ಇಲ್ಲ ಅಂತ ತೀರ್ಪು ಕೊಟ್ಟಿತ್ತು. ಆ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಇವತ್ತು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಕ್ಕಳು ಮೊಮ್ಮಕ್ಕಳು ಇರುವವರು ಈ ಸಭೆಯಲ್ಲಿ ಇದ್ದೀರಿ. ಆ ಜಗಲಿಯಲ್ಲಿ ಕೊಲಂಬಸ್ ಬಗ್ಗೆ ಜಗಳವಾಡುವ ಹಕ್ಕು ಆಗ ನಿಮಗೆ ಇರಲಿಲ್ಲ.

ಫ್ರಾಂಕ್ ಮೊರಾಂಟ್ ಬಾಯಲ್ಲಿ ಬರುವ ಮಾತುಗಳು ಈ ಕಾನೂನು ತಂದವರ ಮಾತುಗಳೇ. ಹೊರಗಿನವರೆಲ್ಲ ಬಂದು ಊರು ಕೆಡಿಸಿದರು, ಹೆಂಗಸರು ಮನೆಯಲ್ಲಿರಬೇಕು, ಎಲ್ಲದಕ್ಕೂ ಒಂದು ಕಟ್ಟುನಿಟ್ಟು ಬೇಕು. ಕಪ್ಲನ್ ಮುದುಕನ ಮೇಲೆ ಕೈ ಎತ್ತುವವರೆಗೂ ಹೋಗುತ್ತಾನೆ. ಎಮ್ಮಾ ಜೋನ್ಸ್‌ಳ ಮಗ ವಿನ್ಸೆಂಟ್ ಟ್ಯಾಕ್ಸಿ ಓಡಿಸುವವನು. ರೋಸ್‌ಗೆ ಕಾಟ ಕೊಡುತ್ತಾನೆ, ಅಡ್ಡ ಬಂದ ಸ್ಯಾಮ್‌ನನ್ನು ಅವನ ಧರ್ಮ ಹಿಡಿದು ಹೀಯಾಳಿಸುತ್ತಾನೆ. ಮಗಳು ಮೇ ರಾತ್ರಿ ಕುಡಿದು ಯಾರದೋ ಜೊತೆ ತೂರಾಡುತ್ತಾ ಬರುತ್ತಾಳೆ. ಮದ್ಯ ನಿಷೇಧದ ಕಾಲ ಅದು, ಆದರೂ ಯಾರಿಗೂ ಬರ ಇರಲಿಲ್ಲ. ಇಷ್ಟೆಲ್ಲ ಮನೆಯಲ್ಲೇ ಇಟ್ಟುಕೊಂಡು ಎಮ್ಮಾ ನೋಡುವುದು ಮೊರಾಂಟರ ಕಿಟಕಿಯನ್ನು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸಿದ ಹಾಗೆ.

ಹಾಗಂತ ಜಗಲಿ ಬರೀ ವಿಷದ ಜಾಗ ಅಂದರೆ ನಾನು ಒಪ್ಪುವುದಿಲ್ಲ. ಮೇಲಿನ ಮನೆಯ ಬ್ಯುಕ್ಯಾನನ್ ಹೆಂಡತಿಗೆ ಹೆರಿಗೆ ನೋವು. ರಾತ್ರಿಯೆಲ್ಲ ಅವಳ ಪಕ್ಕ ಕೂತವರು ಯಾರು? ಆನಾ ಮೊರಾಂಟ್. ಯಾರ ಬಗ್ಗೆ ಎಲ್ಲರೂ ಗುಸುಗುಸು ಮಾಡಿದರೋ ಅವಳೇ. ಬೆಳಗ್ಗೆ ಆ ಉಪಕಾರ ಎಲ್ಲರಿಗೂ ನೆನಪಿರುತ್ತದೆ, ಆದರೂ ಗುಸುಗುಸು ನಿಲ್ಲುವುದಿಲ್ಲ. ಒಳ್ಳೆಯವಳು ಪಾಪ, ಆದರೂ... ಆ 'ಆದರೂ' ನಮಗೆ ಹೊಸದಲ್ಲ. ನಾನು ಹುಡುಗನಾಗಿದ್ದಾಗ ನಾವು ಒಂದು ವಠಾರದಲ್ಲಿದ್ದೆವು. ಏಳು ಮನೆ, ಒಂದು ನಲ್ಲಿ. ನನಗೆ ಜ್ವರ ಬಂದರೆ ಕಷಾಯ ಮೂರು ಮನೆಯಿಂದ ಬರುತ್ತಿತ್ತು. ನಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು ಅನ್ನುವ ಲೆಕ್ಕವೂ ಅದೇ ಮೂರು ಮನೆಯಲ್ಲಿ ಇರುತ್ತಿತ್ತು. ಕಷಾಯ ಬೇಕು, ಲೆಕ್ಕ ಬೇಡ ಅನ್ನುವ ಹಾಗಿರಲಿಲ್ಲ. ಸರಿ, ನನ್ನ ವಠಾರ ಬಿಡಿ.

ಇನ್ನೊಂದು ಸಂಸಾರ ಇದೆ, ಹಿಲ್ಡಬ್ರಾಂಡ್ ಅಂತ. ಗಂಡ ಬಿಟ್ಟು ಹೋಗಿದ್ದಾನೆ, ಬಾಡಿಗೆ ಕಟ್ಟಿಲ್ಲ, ನಾಳೆ ಬೆಳಗ್ಗೆ ಸಾಮಾನು ಬೀದಿಗೆ. ಧರ್ಮಸಂಸ್ಥೆಯಿಂದ ಒಬ್ಬ ಮಹಾತಾಯಿ ಬರುತ್ತಾಳೆ. ಈ ತಾಯಿ ಮಕ್ಕಳನ್ನು ಕರೆದುಕೊಂಡು ಸಿನಿಮಾಕ್ಕೆ ಹೋಗಿದ್ದಳು ಅಂತ ಗೊತ್ತಾಗುತ್ತದೆ. ದಾನ ಬೇಡುವವರಿಗೆ ಸಿನಿಮಾ ಯಾಕೆ ಅಂತ ಎಲ್ಲರ ಎದುರೇ ಬೈಗುಳ. ಸಿನಿಮಾದಲ್ಲಿ ಕೂತು ನೋಡುತ್ತಿರುವ ಬಡ ಪ್ರೇಕ್ಷಕರ ಮುಂದೆ ಈ ಮಾತು! 1931 ಅಂದರೆ ಅಮೆರಿಕದ ಆರ್ಥಿಕ ಮಹಾ ಕುಸಿತದ ಕಾಲ. ಕೆಲಸ ಕಳೆದುಕೊಂಡು, ಜೇಬಿನ ಕೊನೆಯ ಚಿಲ್ಲರೆ ಕೊಟ್ಟು ಟಿಕೆಟ್ ಕೊಂಡವರು ಥಿಯೇಟರಿನಲ್ಲಿ ಇದ್ದೇ ಇರುತ್ತಾರೆ. ಅವರು ನಕ್ಕರೋ, ತಲೆ ತಗ್ಗಿಸಿದರೋ. ನಾಟಕ ಬರೆಯುವಾಗ ಕುಸಿತ ಇನ್ನೂ ಬಂದಿರಲಿಲ್ಲ. ಎರಡೇ ವರ್ಷದಲ್ಲಿ ಹಿಲ್ಡಬ್ರಾಂಡ್ ಹೆಂಗಸಿನ ಕಥೆ ಊರಿಗೆಲ್ಲ ಅಂಟಿಕೊಂಡಿತ್ತು.

ಈಗ ಆ ಬೆಳಗಿನ ಹೊತ್ತು. ಫ್ರಾಂಕ್ ನಾಟಕ ತಂಡದ ಜೊತೆ ಪರ ಊರಿಗೆ ಹೋಗುತ್ತೇನೆ ಅಂತ ಹೊರಟಿದ್ದಾನೆ. ರೋಸ್ ಆಫೀಸಿನವರ ಜೊತೆ ಒಂದು ಅಂತ್ಯಕ್ರಿಯೆಗೆ ಹೋಗಿದ್ದಾಳೆ. ಹಿಲ್ಡಬ್ರಾಂಡ್ ಮನೆಯ ಮಂಚ ಕುರ್ಚಿಗಳು ಒಂದೊಂದಾಗಿ ಬೀದಿಗೆ ಬರುತ್ತಿವೆ. ಸ್ಯಾಂಕಿ ಮೇಲೆ ಹೋಗುತ್ತಾನೆ. ಮೊರಾಂಟರ ಕಿಟಕಿಯ ಪರದೆ ಕೆಳಗಿಳಿಯುತ್ತದೆ.

ಗಮನಿಸಿ, ಈ ಸಿನಿಮಾದಲ್ಲಿ ನಿಜವಾದ ಪರದೆ ಅದೊಂದೇ. ಫ್ರಾಂಕ್ ಹಿಂದಿರುಗಿ ಬರುತ್ತಾನೆ. ತಲೆ ಎತ್ತಿ ನೋಡುತ್ತಾನೆ. ಜೀವನವಿಡೀ ಪರದೆ ಎಳೆದು ಇಳಿಸಿದವನಿಗೆ ಇಳಿದ ಪರದೆಯ ಅರ್ಥ ಬೇಗ ತಿಳಿಯುತ್ತದೆ. ಮೆಟ್ಟಿಲ ಮೇಲೆ ಇದ್ದವನು ಸ್ಯಾಮ್. ಅಡ್ಡ ಹೋಗುತ್ತಾನೆ, ತಳ್ಳಿಸಿಕೊಳ್ಳುತ್ತಾನೆ, ಮೇಲಕ್ಕೆ ನೋಡಿ ಮಿಸೆಸ್ ಮೊರಾಂಟ್ ಅಂತ ಕೂಗುತ್ತಾನೆ. ಆಮೇಲೆ ಗುಂಡಿನ ಸದ್ದು. ನಾವು ಬೀದಿಯಲ್ಲೇ ಇದ್ದೇವೆ. ಕಿಟಕಿಯ ಗಾಜು ಒಡೆಯುತ್ತದೆ. ಒಂದು ಕ್ಷಣ ಸ್ಯಾಂಕಿಯ ಮುಖ.

ಆಮೇಲೆ ವಿಡರ್ ತೋರಿಸುವುದು ಕೊಲೆಯನ್ನಲ್ಲ, ಜನ ಓಡಿ ಬರುವುದನ್ನು. ಎಲ್ಲ ಕಿಟಕಿಗಳಲ್ಲೂ ತಲೆ. ಎಲ್ಲ ಮೂಲೆಗಳಿಂದಲೂ ಕಾಲು. ಮುಖದ ಮೇಲೆ ಮುಖ, ಮುಖದ ಮೇಲೆ ಮುಖ. ಕ್ಯಾಮೆರಾ ಮೇಲೇರಿದಾಗ ಬೀದಿ ತುಂಬ ತಲೆಗಳ ರಾಶಿ. ಇಷ್ಟು ಹೊತ್ತು ಐದಾರು ಜನ ಕೂತು ಗುಸುಗುಸು ಮಾಡಿದ್ದು ಈಗ ಸಾವಿರ ಜನರ ಗದ್ದಲ. ಅದರ ನಡುವೆ ರೋಸ್ ಮನೆಗೆ ಬರುತ್ತಿದ್ದಾಳೆ. ಏನಾಗಿದೆ ಅಂತ ಗುಂಪಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಬಿಟ್ಟು. ಅವಳಿಗೆ ದಾರಿ ಬಿಡುತ್ತಾರಲ್ಲ, ಆ ದಾರಿ ಬಿಡುವ ರೀತಿಯಲ್ಲೇ ಅವಳಿಗೆ ಗೊತ್ತಾಗುತ್ತದೆ. ರೋಸ್ ಪಾತ್ರ ಮಾಡಿದ ಸಿಲ್ವಿಯಾ ಸಿಡ್ನಿಯ ಆ ದೊಡ್ಡ ಕಣ್ಣುಗಳು. ಆಗ ಅವರಿಗೆ ಇಪ್ಪತ್ತೊಂದು. ನ್ಯೂಯಾರ್ಕಿನದೇ ಬ್ರಾಂಕ್ಸ್‌ನಲ್ಲಿ ಹುಟ್ಟಿದ ವಲಸಿಗ ಯಹೂದಿಗಳ ಮಗಳು. ಇಲ್ಲಿರುವ ಹುಡುಗ ಹುಡುಗಿಯರು ಅವರನ್ನು ನೋಡಿರುತ್ತೀರಿ: 1988ರ 'ಬೀಟಲ್‌ಜ್ಯೂಸ್'ನಲ್ಲಿ ಸತ್ತವರ ಕಚೇರಿಯಲ್ಲಿ ಕೂತು ಸಿಗರೇಟು ಸೇದುವ ಮುದುಕಿ ಇದ್ದಾಳಲ್ಲ, ಅದು ಇವರೇ.

ಒಂದು ಸಣ್ಣ ಮಾತು ಸಂಗೀತದ ಬಗ್ಗೆ. ಶುರುವಿನಲ್ಲಿ ಬಂದ ಆ ರಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಅನ್ನಿಸಿದರೆ ಅದು ಭ್ರಮೆಯಲ್ಲ. ಆಲ್ಫ್ರೆಡ್ ನ್ಯೂಮನ್ ಅವರ ಸಂಯೋಜನೆ. ಮುಂದೆ ಅವರು ಫಾಕ್ಸ್ ಸಿನಿಮಾ ಸಂಸ್ಥೆಯ ಸಂಗೀತ ವಿಭಾಗದ ಮುಖ್ಯಸ್ಥರಾದರು. ನಲವತ್ತರ ದಶಕದಲ್ಲಿ ಅಲ್ಲಿ ನ್ಯೂಯಾರ್ಕಿನ ಕತ್ತಲ ಬೀದಿಯ ಕಥೆ ಬಂದಾಗೆಲ್ಲ ಇದೇ ರಾಗವನ್ನು ತೆಗೆದು ತೆಗೆದು ಹಾಕಿದರು. 1953ರಲ್ಲಿ ಮರಿಲಿನ್ ಮನ್ರೋ ಇದ್ದ ಒಂದು ಸಿನಿಮಾ ಶುರುವಾಗುವುದೇ ನ್ಯೂಮನ್ ಪೂರ್ತಿ ವಾದ್ಯವೃಂದ ನಿಲ್ಲಿಸಿಕೊಂಡು ಇದನ್ನು ನುಡಿಸುವುದರಿಂದ. ಬಡವರ ಜಗಲಿಗೆ ಕಟ್ಟಿದ ರಾಗ ಕೊನೆಗೆ ಕೋಟ್ಯಧೀಶರ ಹುಡುಕಾಟದ ಕಥೆಗೂ ಒದಗಿತು. ರಾಗಕ್ಕೆ ಬಾಡಿಗೆ ಕಟ್ಟುವ ಕಷ್ಟ ಇಲ್ಲ ನೋಡಿ.

ಮಾತು ಮುಗಿಸುವ ಮೊದಲು ಸಭೆಯಿಂದ ಒಬ್ಬ ತಾಯಿ ಕೇಳಿದರು: "ಸರ್, ಇಷ್ಟೊಂದು ದೇಶದವರು ಇದ್ದಾರೆ. ಒಬ್ಬರೂ ಕಪ್ಪು ಜನ ಇಲ್ಲವಲ್ಲ?"

ಸರಿಯಾದ ಪ್ರಶ್ನೆ, ಅಮ್ಮ. ನಾನೇ ಹೇಳಬೇಕಿತ್ತು. ಕಪ್ಪು ಜನರ ಬಡಾವಣೆ ಹಾರ್ಲೆಮ್ ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಹಾಡುತ್ತಿತ್ತು, ಬರೆಯುತ್ತಿತ್ತು. ಆದರೆ ಬಾಡಿಗೆಗೆ ಮನೆ ಕೊಡುವವರು ಬಣ್ಣ ನೋಡಿ ಕೊಡುತ್ತಿದ್ದರು. ಎಲ್ಲರ ಮನೆ ಅನ್ನಿಸಿಕೊಂಡ ಈ ಮನೆಯ ಜಗಲಿಯಲ್ಲಿ ಅವರಿಗೆ ಜಾಗ ಇರಲಿಲ್ಲ, ಕಥೆಯಲ್ಲೂ ಇರಲಿಲ್ಲ. ಇದು ಸ್ವಲ್ಪ ಸರಿಹೋದದ್ದು 1947ರಲ್ಲಿ. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದಿದ್ದ ಜರ್ಮನ್ ಸಂಯೋಜಕ ಕುರ್ಟ್ ವೈಲ್ ಇದೇ ನಾಟಕವನ್ನು ಆಪೆರಾ ಮಾಡಿದರು. ಹಾಡು ಬರೆದವರು ಹಾರ್ಲೆಮ್‌ನ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. ಅದರಲ್ಲಿ ಮನೆ ನೋಡಿಕೊಳ್ಳುವ ಒಬ್ಬ ಕಪ್ಪು ಮನುಷ್ಯ ಬರುತ್ತಾನೆ, ನೆಲಮಾಳಿಗೆಯಿಂದ ಹತ್ತಿ ಬಂದು ಕಪ್ಪು ಜನರ ಹಾಡಿನ ಬಗೆಯಾದ ಒಂದು ಬ್ಲೂಸ್ ಹಾಡುತ್ತಾನೆ. ಜಗಲಿಗೆ ಬಂದ, ಆದರೆ ನೆಲಮಾಳಿಗೆಯಿಂದ. ಅದನ್ನೂ ಗಮನಿಸಬೇಕು. ಲಿಪ್ಪೊನ ಐಸ್‌ಕ್ರೀಮ್ ಅಂತೂ ಆ ಆಪೆರಾದಲ್ಲಿ ಆರು ಜನ ಸೇರಿ ಹಾಡುವ ದೊಡ್ಡ ಹಾಡೇ ಆಗಿದೆ. ಸಿಕ್ಕರೆ ಕೇಳಿ.

ಆ ತಾಯಿ ಇನ್ನೂ ಒಂದು ಕೇಳಿದರು: "ರೋಸ್ ಆ ಹುಡುಗನ ಜೊತೆ ಯಾಕೆ ಹೋಗಲಿಲ್ಲ? ಒಳ್ಳೆ ಹುಡುಗ."

ಒಳ್ಳೆ ಹುಡುಗನೇ. ಓದು ಬಿಟ್ಟು ಎಲ್ಲಿಗಾದರೂ ಬರುತ್ತೇನೆ ಅನ್ನುತ್ತಾನೆ. ಅವಳ ಬಾಸ್ ಮನೆ ಮಾಡಿಕೊಡುತ್ತೇನೆ ಅನ್ನುತ್ತಾನೆ. ಎರಡೂ ಬೇಡ ಅಂತಾಳೆ. ಒಬ್ಬರು ಇನ್ನೊಬ್ಬರ ಸೊತ್ತಾಗಬಾರದು, ಅಪ್ಪನಿಗೆ ತನ್ನದು ಅಂತ ಒಳಗೆ ಏನಾದರೂ ಇದ್ದಿದ್ದರೆ ಅಮ್ಮನನ್ನು ಹಾಗೆ ಹಿಡಿದುಕೊಳ್ಳುತ್ತಿರಲಿಲ್ಲ ಅನ್ನುವ ಅರ್ಥದ ಮಾತಾಡುತ್ತಾಳೆ. ಆ ಬೆಳಗ್ಗೆಯಷ್ಟೇ ಅಮ್ಮನನ್ನು ಕಳೆದುಕೊಂಡ ಹುಡುಗಿ. ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗುವಾಗ ಅವನನ್ನು ಬೈಯುವುದೂ ಇಲ್ಲ. ನನಗೆ ಆ ಜಾಗದಲ್ಲಿ ರೈಸ್ ಸ್ವಲ್ಪ ಜಾಸ್ತಿಯೇ ಬುದ್ಧಿ ಅವಳ ಬಾಯಲ್ಲಿ ಇಟ್ಟರು ಅನ್ನಿಸುತ್ತದೆ. ಸಿಡ್ನಿ ಅದನ್ನು ಮೆಲ್ಲಗೆ, ಯೋಚಿಸುತ್ತಾ ಯೋಚಿಸುತ್ತಾ ಹೇಳಿದ್ದರಿಂದ ನಿಭಾಯಿಸಿತು. ಆಮೇಲೆ ಪೆಟ್ಟಿಗೆ ಹಿಡಿದು ತಮ್ಮನ ಕಡೆ ಹೊರಡುತ್ತಾಳೆ.

ನನಗೆ ಜಾಸ್ತಿ ಕಾಡುವುದು ಅವಳು ಹೊರಡುವುದಲ್ಲ. ಅದೇ ದಿನ ಮಧ್ಯಾಹ್ನ ಇಬ್ಬರು ಆಯಾಗಳು ಮಗುವಿನ ಗಾಡಿ ತಳ್ಳಿಕೊಂಡು ಆ ಬೀದಿಗೆ ಬರುತ್ತಾರೆ. ಕೈಯಲ್ಲಿ ಪತ್ರಿಕೆ. ಕೊಲೆಯಾದ ಮನೆ ಯಾವುದು ಅಂತ ನಂಬರು ನೋಡಿ ನಿಲ್ಲುತ್ತಾರೆ, ತಲೆ ಎತ್ತಿ ಕಿಟಕಿ ನೋಡುತ್ತಾರೆ. ಪತ್ರಿಕೆಯ ಚಿತ್ರಕ್ಕೂ ಎದುರಿನ ಮನೆಗೂ ತಾಳೆ ಹಾಕುತ್ತಾರೆ. ನಾಟಕದಲ್ಲಿ ಕೊನೆಗೆ ಒಂದು ಬಡ ಜೋಡಿ ಬಂದು ಬಾಗಿಲಲ್ಲಿ ತೂಗುಹಾಕಿದ ಬಾಡಿಗೆ ಬೋರ್ಡು ಓದುತ್ತದೆ. ಮನೆ ಖಾಲಿ ಇದೆಯಾ ಅಂತ ಕೇಳುತ್ತದೆ. ನೋಡಲು ಒಳಗೆ ಹೋಗುತ್ತದೆ. ಜಗಲಿಯಲ್ಲಿ ಎಮ್ಮಾ ಜೋನ್ಸ್ ಅವರನ್ನು ಮೇಲಿಂದ ಕೆಳಗೆ ಒಮ್ಮೆ ಅಳೆಯುತ್ತಾಳೆ.